ಗುರುಗುಟ್ಟುವುದೂ ಒಂದು ಮಾತೇ

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತೇವೆ. ನಾಯಿ ಬಾಲ ಎಂದಿದ್ದರೂ ಡೊಂಕೇ ಎಂದೂ ಎನ್ನುತ್ತೇವೆ. ಪುಣೆಯ ನನ್ನ ಕ್ಲಿನಿಕ್‌ನಲ್ಲಿ ಈ ಎರಡೂ ಗಾದೆಗಳನ್ನು ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಗಳಲ್ಲಿ ಕೇಳಿದ್ದೇನೆ. ಮೊದಲನೆಯದನ್ನು ನಾಯಿ ಕಚ್ಚುವ ಮುಂಚೆ ಹೇಳುತ್ತಾರೆ, ಎರಡನೆಯದನ್ನು ಕಚ್ಚಿದ ಮೇಲೆ. ಎರಡನ್ನೂ ನಂಬಿದ ಮನೆಯವರು ನನ್ನ ಬಳಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಆರು ತಿಂಗಳೋ ಒಂದು ವರ್ಷವೋ ತಡವಾಗಿರುತ್ತದೆ.

ಜ್ವರ ಬಂದರೆ, ವಾಂತಿಯಾದರೆ, ಕಾಲು ಕುಂಟಿದರೆ ಅದೇ ದಿನ ನಾಯಿಯನ್ನು ಕರೆತರುವ ಜನ, ಅದು ಮನೆಯವರ ಮೇಲೆ ಗುರ್ ಎಂದಾಗ ಮಾತ್ರ ಡಾಕ್ಟರ ಹತ್ತಿರ ಬರುವುದಿಲ್ಲ. ನಾಚಿಕೆಯಾಗುತ್ತದೆ. ಸೊಸೈಟಿಯಲ್ಲಿ ಸುದ್ದಿಯಾದರೆ ಕಷ್ಟ, ಬಾಡಿಗೆ ಮನೆಯಾದರೆ ಮಾಲೀಕ ಏನೆನ್ನುತ್ತಾನೋ ಎಂಬ ಹೆದರಿಕೆ. ಕೊನೆಗೆ ಬಂದು ಬಾಗಿಲು ಹಾಕಿಕೊಂಡು ಮೆಲ್ಲಗೆ ಎರಡು ಪ್ರಶ್ನೆ ಕೇಳುತ್ತಾರೆ: ‘ಇದು ಸರಿಹೋಗುತ್ತಾ? ಇಲ್ಲ, ಎಲ್ಲಾದರೂ ಬಿಟ್ಟುಬರಬೇಕಾ?’

ಈ ಎರಡು ಪ್ರಶ್ನೆಗಳ ನಡುವೆ ಮಾಡಬಹುದಾದ ಕೆಲಸ ಬಹಳ ಇದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು, ಯಾರ ಸಹಾಯ ಕೇಳಬೇಕು, ಯಾರಿಂದ ದೂರ ಇರಬೇಕು ಎಂಬುದನ್ನು ಹೇಳಲೆಂದೇ ಈ ಬರಹ.

ಏಣಿಯ ಮೆಟ್ಟಿಲುಗಳು

ನಾಯಿ ‘ಇದ್ದಕ್ಕಿದ್ದಂತೆ’ ಕಚ್ಚಿತು ಎಂದು ಹೇಳುವವರೇ ಹೆಚ್ಚು. ನಾನು ಕೂರಿಸಿ ಕೇಳುತ್ತ ಹೋದರೆ ಇದ್ದಕ್ಕಿದ್ದಂತೆ ಆಗಿದ್ದು ಬಹಳ ಕಡಿಮೆ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಇದನ್ನು ಒಂದು ಏಣಿಯ ಚಿತ್ರವಾಗಿ ಬರೆದು ತೋರಿಸಿದ್ದಾರೆ. ಕೆಳಗಿನ ಮೆಟ್ಟಿಲುಗಳಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕಿಕೊಳ್ಳುವುದು. ಅದಕ್ಕೂ ಮೇಲೆ ಮುಖ ತಿರುಗಿಸುವುದು, ಮೈ ತಿರುಗಿಸಿ ಕೂರುವುದು, ಎದ್ದು ಬೇರೆಡೆ ಹೋಗುವುದು. ಅದಾದ ಮೇಲೆ ಕಿವಿ ಹಿಂದಕ್ಕೆಳೆದು ಮುದುರಿಕೊಳ್ಳುವುದು, ಬಾಲ ಒಳಗೆ ಸೇರಿಸುವುದು. ಇನ್ನೂ ಮೇಲೆ ಮೈ ಕಲ್ಲಿನಂತೆ ಬಿಗಿಯುವುದು, ದುರುಗುಟ್ಟಿ ನೋಡುವುದು. ಆಮೇಲೆ ಗುರ್ ಎನ್ನುವುದು, ಗಾಳಿಯಲ್ಲಿ ಬಾಯಿ ಹಾಕುವುದು. ಕಚ್ಚುವುದು ಏಣಿಯ ತುದಿ.

ಆಕಳಿಸುವ ನಾಯಿಗೆ ನಿದ್ದೆ ಬಂದಿದೆ ಎಂದುಕೊಳ್ಳುತ್ತೇವೆ. ಬಾಲ ಆಡಿಸುವ ನಾಯಿ ಖುಷಿಯಾಗಿದೆ ಎಂದುಕೊಳ್ಳುತ್ತೇವೆ. ಮೈ ಸಡಿಲವಾಗಿ ಸೊಂಟವೆಲ್ಲ ಅಲ್ಲಾಡುವಂತೆ ಬಾಲ ಬೀಸಿದರೆ ಖುಷಿ ನಿಜ. ಮೈ ಬಿಗಿಯಾಗಿದ್ದು ಬಾಲ ಮಾತ್ರ ಮೇಲೆತ್ತಿ ಚಿಕ್ಕದಾಗಿ ಕಂಪಿಸುತ್ತಿದ್ದರೆ ಅದು ಸ್ನೇಹವಲ್ಲ. ಮಕ್ಕಳು ತಬ್ಬಿಕೊಂಡಾಗ ನಾಯಿಯ ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಕಾಣುತ್ತದೆಯಲ್ಲ, ವಾಟ್ಸ್‌ಆ್ಯಪ್‌ನಲ್ಲಿ ‘ಎಷ್ಟು ಮುದ್ದು’ ಎಂದು ಹಂಚಿಕೊಳ್ಳುವ ಫೋಟೊಗಳಲ್ಲಿ ನನಗೆ ಮೊದಲು ಕಾಣುವುದು ಅದೇ. ‘ಸಾಕು, ಬಿಡು’ ಎಂದು ಅದು ಹೇಳುತ್ತಿರುತ್ತದೆ.

ಹಾಗಾಗಿ ಗುರ್ ಎನ್ನುವುದು ಧಿಮಾಕಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಹೇಳಿದ್ದನ್ನು ಯಾರೂ ಕೇಳದಾಗ ನಾಯಿ ಸ್ವಲ್ಪ ಜೋರಾಗಿ ಹೇಳುವ ಮಾತು ಅದು. ಆ ಮಾತನ್ನು ಹೊಡೆದು ಬಾಯಿ ಮುಚ್ಚಿಸಿದರೆ ನಾಯಿಯ ಹೆದರಿಕೆಯೋ ನೋವೋ ಹೋಗುವುದಿಲ್ಲ. ನಮಗೆ ಸಿಗುತ್ತಿದ್ದ ಎಚ್ಚರಿಕೆ ಮಾತ್ರ ಹೋಗುತ್ತದೆ.

ಶೇರು ಬಂದದ್ದು

ವಾಕಡ್‌ನ ಒಂದು ಸೊಸೈಟಿಯಿಂದ ಹುಬ್ಬಳ್ಳಿ ಕಡೆಯ ಕುಟುಂಬವೊಂದು ಶೇರುವನ್ನು ಕರೆತಂದದ್ದು ಇಂಥದೇ ಸ್ಥಿತಿಯಲ್ಲಿ. ಶೇರು ಐದು ವರ್ಷದ ಲ್ಯಾಬ್ರಡಾರ್. ಗಂಡ ಹೆಂಡತಿ ಇಬ್ಬರೂ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದವರು, ಏಳು ವರ್ಷದ ಮಗ, ಊರಿಂದ ಬಂದು ಹೋಗುವ ಅಜ್ಜಿ. ನಾಲ್ಕು ವರ್ಷ ತುಂಬುವವರೆಗೆ ಶೇರು ಯಾರಿಗೂ ಏನೂ ಮಾಡಿರಲಿಲ್ಲ. ಆಮೇಲೆ ಸೋಫಾದಿಂದ ಇಳಿಸಲು ಹೋದರೆ ಗುರುಗುಟ್ಟತೊಡಗಿತು. ಸ್ನಾನದ ನಂತರ ಹಿಂಗಾಲು ಒರೆಸಲು ಹೋದರೂ ಅದೇ.

ಯಾರೋ ಹೇಳಿದರೆಂದು ನಗರದ ಹೊರಗಿನ ತರಬೇತಿ ಕೇಂದ್ರವೊಂದಕ್ಕೆ ಬಿಟ್ಟರು. ‘15 ದಿನದಲ್ಲಿ ಗ್ಯಾರಂಟಿ’ ಎಂದಿದ್ದರಂತೆ. ಅಲ್ಲಿ ಕೊರಳಿಗೆ ಮುಳ್ಳಿನ ಚೈನು ಹಾಕಿ, ಗುರ್ ಎಂದಾಗಲೆಲ್ಲ ಜಗ್ಗಿದ್ದಾರೆ. ನಾಯಿ ತಣ್ಣಗಾಗಿ ವಾಪಸ್ ಬಂತು. ಮನೆಯವರಿಗೆ ಸಮಾಧಾನವಾಯಿತು. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮಗ ಸೋಫಾದ ಮೇಲೆ ಅದರ ಸೊಂಟಕ್ಕೆ ಒರಗಿ ಕೂತಾಗ ಶೇರು ಸದ್ದೇ ಮಾಡದೆ ತಿರುಗಿ ಮುಂಗೈಗೆ ಬಾಯಿ ಹಾಕಿತು. ಎರಡು ಹಲ್ಲು ಒಳಗೆ ಇಳಿದಿದ್ದವು.

‘ಗುರ್ ಅನ್ನೋದನ್ನ ಬಿಟ್ಟಿತ್ತು ಡಾಕ್ಟರ್, ಸರಿಹೋಯ್ತು ಅಂದ್ಕೊಂಡಿದ್ವಿ’ ಎಂದು ತಾಯಿ ಹೇಳುವಾಗ ಅವರ ಗಂಟಲು ಕಟ್ಟಿತ್ತು. ತಂದೆ ಆಗಲೇ ಊರ ಹೊರಗಿನ ಯಾವುದೋ ಫಾರ್ಮ್‌ಹೌಸಿನವರ ಜೊತೆ ಮಾತಾಡಿಯಾಗಿತ್ತು. ಮಗ ಮಾತ್ರ ಬ್ಯಾಂಡೇಜಿನ ಕೈಯಲ್ಲೇ ಶೇರುವಿನ ಬೆಲ್ಟು ಹಿಡಿದುಕೊಂಡಿದ್ದ.

ಮೊದಲು ಮೈ, ಆಮೇಲೆ ಮನಸ್ಸು

ವರ್ತನೆ ಬದಲಾದ ನಾಯಿಯನ್ನು ತರಬೇತುದಾರನ ಬಳಿ ಒಯ್ಯುವ ಮೊದಲು ಪಶುವೈದ್ಯರ ಬಳಿ ಒಯ್ಯಬೇಕು. ಊರಿಗೆ ಹೋದರೆ ಈಗಲೂ ನನ್ನನ್ನು ‘ದನದ ಡಾಕ್ಟರು’ ಎಂದೇ ಕರೆಯುತ್ತಾರೆ. ದನ ಒದೆಯಲು ಶುರುಮಾಡಿದರೆ ನಮ್ಮೂರ ರೈತರು ಮೊದಲು ಕೆಚ್ಚಲು ಮುಟ್ಟಿ ನೋಡುತ್ತಾರೆ, ಬಾವು ಬಂದಿದೆಯೇ ಎಂದು. ಅದೇ ಬುದ್ಧಿಯನ್ನು ನಗರದಲ್ಲಿ ನಾಯಿಯ ವಿಷಯಕ್ಕೆ ಬಳಸಿದರೆ ಸಾಕು.

ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವರ್ತನೆಯ ತೊಂದರೆಗಾಗಿ ತಜ್ಞರ ಬಳಿ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದು ಭಾಗದಲ್ಲಿ ಯಾವುದಾದರೂ ನೋವಿನ ಕಾಯಿಲೆ ಇರುತ್ತದೆ. ಕೆಲವೆಡೆ ಈ ಪ್ರಮಾಣ ಶೇ 80ರ ಹತ್ತಿರ ಹೋದದ್ದೂ ಇದೆ. ನಾಯಿ ನೋವನ್ನು ಅತ್ತು ಹೇಳುವುದಿಲ್ಲ. ಊಟ ಬಿಡದೆಯೂ, ಕುಂಟದೆಯೂ ನೋವು ಅನುಭವಿಸುತ್ತಿರಬಹುದು.

ನಾನು ಮೊದಲು ನೋಡುವುದು ಕಿವಿ, ಹಲ್ಲು, ಕೀಲು, ಬೆನ್ನುಮೂಳೆ. ಮಳೆಗಾಲದಲ್ಲಿ ಕಿವಿಯ ಸೋಂಕು ಸಾಮಾನ್ಯ. ತಲೆ ಸವರಲು ಹೋದರೆ ನಾಯಿ ತಿರುಗಿ ಬೀಳುತ್ತದೆ. ಉಣ್ಣೆಯಿಂದ ಬರುವ ಜ್ವರವಿದ್ದರೆ ಮೈಕೈ ನೋವಿರುತ್ತದೆ. ವಯಸ್ಸಾದ ನಾಯಿಗೆ ಕಣ್ಣು ಮಂಜಾಗಿದ್ದರೆ ಹತ್ತಿರ ಬಂದವರೆಲ್ಲ ದಿಢೀರನೆ ಬಂದಂತೆ ಅನ್ನಿಸಿ ಬೆಚ್ಚುತ್ತದೆ. ಥೈರಾಯ್ಡ್ ಕಡಿಮೆಯಾದ ಕೆಲವು ನಾಯಿಗಳಲ್ಲೂ ಸ್ವಭಾವ ಬದಲಾಗುತ್ತದೆ. ಅದಕ್ಕೆ ರಕ್ತಪರೀಕ್ಷೆ ಬೇಕು.

ಶೇರುವಿನ ಎಕ್ಸ್‌ರೇ ತೆಗೆದಾಗ ಎರಡೂ ಸೊಂಟದ ಕೀಲುಗಳು ಸರಿಯಾಗಿ ಕೂತಿರಲಿಲ್ಲ; ಎಡಗಡೆ ಸವೆತವೂ ಇತ್ತು. ಲ್ಯಾಬ್ರಡಾರ್‌ಗಳಲ್ಲಿ ಇದು ಹೊಸದೇನಲ್ಲ. ಅದರ ಮೇಲೆ ತೂಕ ಬೇರೆ ಹೆಚ್ಚಾಗಿತ್ತು. ಸೋಫಾದಿಂದ ಇಳಿ ಎಂದರೆ, ಕಾಲು ಒರೆಸಿದರೆ, ಸೊಂಟಕ್ಕೆ ಒರಗಿದರೆ ಸಿಟ್ಟು ಬರುತ್ತಿತ್ತು ಎಂಬ ಮೂರೂ ಮಾತು ಆ ಒಂದು ಚಿತ್ರದಲ್ಲಿತ್ತು. ತರಬೇತಿ ಕೇಂದ್ರದಲ್ಲಿ ಚೈನು ಜಗ್ಗಿಸಿಕೊಂಡು ಸುಮ್ಮನಾದದ್ದು ನೋವಿದ್ದ ನಾಯಿ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ನೋವಿದೆ ಎಂದು ಗೊತ್ತಾದ ತಕ್ಷಣ ಮನೆಯ ಔಷಧಿ ಡಬ್ಬಿಯಿಂದ ನಮ್ಮ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್‌ನಂಥ ಮಾತ್ರೆ ನಾಯಿಯ ಹೊಟ್ಟೆಗೆ, ಕಿಡ್ನಿಗೆ ವಿಷವಾಗುತ್ತದೆ. ನಾಯಿಗಳಿಗೆಂದೇ ಬೇರೆ ಔಷಧಿಗಳಿವೆ.

ಪುಣೆಯಲ್ಲಿ ಗಣೇಶೋತ್ಸವದ ಹತ್ತು ದಿನ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಢೋಲ್ ತಾಶಾ ಸದ್ದಿಗೆ ನಡುಗುವ, ಎತ್ತಿಕೊಳ್ಳಲು ಹೋದವರಿಗೇ ಬಾಯಿ ಹಾಕುವ ನಾಯಿಗಳ ಕರೆಗಳು. ಸದ್ದಿಗೆ ಹೆದರುವ ನಾಯಿಗಳಲ್ಲೂ ಕೀಲು ಸ್ನಾಯುಗಳ ನೋವು ಅಡಗಿರಬಹುದು ಎಂದು ಲಿಂಕನ್‌ನ ಇನ್ನೊಂದು ತಂಡ 2018ರಲ್ಲಿ ತೋರಿಸಿತು. ಬೆಚ್ಚಿದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋವು ಹೆಚ್ಚುತ್ತದೆ, ಮುಂದಿನ ಸಲ ಸದ್ದು ಕೇಳಿದರೆ ನೋವೂ ನೆನಪಾಗುತ್ತದೆ. ಹಬ್ಬದ ಹಿಂದಿನ ದಿನ ಓಡಿಬಂದರೆ ಮಾಡುವುದು ಕಡಿಮೆ. ಒಂದೆರಡು ತಿಂಗಳು ಮೊದಲೇ ಬಂದರೆ ಬಹಳಷ್ಟು ಮಾಡಬಹುದು.

ತೋಳದ ಕಥೆ

ಮೈಯ ತಪಾಸಣೆ ಮುಗಿದ ಮೇಲೆ ವರ್ತನೆಯ ಕೆಲಸ. ಇಲ್ಲಿ ಯಾರನ್ನು ನಂಬಬೇಕು ಎಂಬುದೇ ದೊಡ್ಡ ತಲೆನೋವು. ಪಶುವೈದ್ಯರಾಗಲು ಪದವಿ ಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಡಿ ನೋಂದಣಿಯೂ ಬೇಕು. ‘ಡಾಗ್ ಟ್ರೇನರ್’ ಎಂದು ಬೋರ್ಡು ಹಾಕಲು ಅಂಥ ಯಾವ ನೋಂದಣಿಯೂ ಬೇಕಿಲ್ಲ. ಒಳ್ಳೆಯವರು ಇದ್ದಾರೆ, ಓದಿ ಪರೀಕ್ಷೆ ಬರೆದು ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದವರಿದ್ದಾರೆ. ಎರಡು ನಾಯಿ ಸಾಕಿದ ಅನುಭವದ ಮೇಲೆ ಅಂಗಡಿ ತೆರೆದವರೂ ಇದ್ದಾರೆ. ಬೋರ್ಡು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಕೇಳಬೇಕಾದ್ದು ನೇರವಾದ ಪ್ರಶ್ನೆಗಳು. ನಾಯಿ ಸರಿಯಾಗಿ ಮಾಡಿದಾಗ ಏನು ಕೊಡುತ್ತೀರಿ? ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಯಾವ ಬೆಲ್ಟು, ಯಾವ ಸಾಮಾನು ಬಳಸುತ್ತೀರಿ? ತರಬೇತಿಯನ್ನು ನಾನು ಪಕ್ಕದಲ್ಲಿ ನಿಂತು ನೋಡಬಹುದೇ? ನನ್ನ ಪಶುವೈದ್ಯರ ಜೊತೆ ಮಾತಾಡುತ್ತೀರಾ? ಮೊದಲ ಭೇಟಿಯಲ್ಲೇ ಗ್ಯಾರಂಟಿ ಕೊಡುವವರನ್ನು, ‘ನೀವು ಬರಬೇಡಿ, ನಾಯಿಯನ್ನು ಬಿಟ್ಟುಹೋಗಿ’ ಎನ್ನುವವರನ್ನು, ಕರೆಂಟ್ ಬೆಲ್ಟು ಮುಳ್ಳಿನ ಚೈನು ತೆಗೆಯುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ಮಾತು ಕಿವಿಗೆ ಬಿದ್ದರೂ ಎದ್ದು ಬನ್ನಿ: ‘ನೀವು ಮನೆಯ ಯಜಮಾನ ಅಂತ ನಾಯಿಗೆ ತೋರಿಸಬೇಕು, ಅದು ಆಲ್ಫಾ ಆಗಲು ನೋಡುತ್ತಿದೆ.’ ಈ ಮಾತಿಗೆ ಒಂದು ಚರಿತ್ರೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಆವರಣದೊಳಗೆ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲು ಸ್ಥಾನಕ್ಕೆ ಹೊಡೆದಾಡುತ್ತವೆ ಎಂದು ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ತೋಳದ ಪುಸ್ತಕದಲ್ಲಿ ಅದನ್ನು ಜನಪ್ರಿಯ ಮಾಡಿದರು. ಕಾಡಿನಲ್ಲೇ ವರ್ಷಗಟ್ಟಲೆ ತೋಳಗಳನ್ನು ನೋಡಿದ ಮೇಲೆ ಅದೇ ಮೆಕ್ 1999ರಲ್ಲಿ, ತೋಳದ ಹಿಂಡೆಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಅಲ್ಲಿ ಆಲ್ಫಾ ಎಂಬ ಮಾತೇ ಸರಿಹೊಂದುವುದಿಲ್ಲ ಎಂದು ತಿದ್ದಿದರು. ವಿಜ್ಞಾನ ತಿದ್ದಿಕೊಂಡಿತು, ಬೀದಿಯ ತರಬೇತಿ ಇನ್ನೂ ತಿದ್ದಿಕೊಂಡಿಲ್ಲ.

ಹೊಡೆದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಗನ್ ಹೆರನ್ ಮತ್ತು ಸಂಗಡಿಗರು 2009ರಲ್ಲಿ 140 ನಾಯಿ ಮಾಲೀಕರ ಉತ್ತರಗಳನ್ನು ಪ್ರಕಟಿಸಿದರು. ಹೊಡೆದೋ ಒದ್ದೋ ತಿದ್ದಲು ನೋಡಿದ ನಾಯಿಗಳಲ್ಲಿ ಶೇ 43ರಷ್ಟು ತಿರುಗಿಬಿದ್ದಿದ್ದವು. ಅಂಗಾತ ಕೆಡವಿ ಒತ್ತಿಹಿಡಿದಾಗ ಶೇ 31. ಅಮೆರಿಕದ ಪಶುವೈದ್ಯ ವರ್ತನಾ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿದ್ದು ಇದನ್ನೇ: ಆಕ್ರಮಣ ಮಾಡುವ ನಾಯಿಗೂ ಬಹುಮಾನ ಕೊಟ್ಟು ಕಲಿಸುವ ದಾರಿಯೇ ಸರಿ.

ಚಿಕಿತ್ಸೆ ಎಂದರೆ ಏನು

ಶೇರುವಿನ ಮನೆಯಲ್ಲಿ ಮೊದಲ ವಾರ ಯಾವ ತರಬೇತಿಯನ್ನೂ ಮಾಡಲಿಲ್ಲ. ಮತ್ತೊಮ್ಮೆ ಕಚ್ಚದಂತೆ ನೋಡಿಕೊಳ್ಳುವುದಷ್ಟೇ ಕೆಲಸ. ಅಡುಗೆಮನೆಗೂ ಹಾಲ್‌ಗೂ ನಡುವೆ ಮಕ್ಕಳಿಗೆ ಹಾಕುವಂಥ ಗೇಟು ಬಂತು. ಸೋಫಾ ಹತ್ತದಂತೆ ನೆಲದ ಮೇಲೆ ದಪ್ಪ ಹಾಸಿಗೆ ಬಂತು. ಜಾರುವ ಟೈಲ್ಸಿನ ಮೇಲೆ ಜಮಖಾನೆ ಹಾಸಿದರು. ಶೇರು ಹಾಸಿಗೆಯ ಮೇಲಿದ್ದರೆ ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿಲ್ಲ, ಕರೆದು ಅದೇ ಬಂದರೆ ಮಾತ್ರ ಸವರಬಹುದು ಎಂಬ ನಿಯಮ ಆಯಿತು. ಮಗ ಮತ್ತು ನಾಯಿ ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಇರುವಂತಿಲ್ಲ.

ನೋವಿನ ಔಷಧಿ ಶುರುವಾಯಿತು, ಊಟ ಅಳತೆಗೆ ಬಂತು. ಬಾಯಿಗೆ ಹಾಕುವ ಬುಟ್ಟಿಯಂಥ ಮಜಲ್ ಕಲಿಸಿದೆವು. ಒಕ್ಕಣೆಯ ಕಣದಲ್ಲಿ ಎತ್ತಿಗೆ ಕಟ್ಟುವ ಕುಕ್ಕೆ ನೋಡಿದವರಿಗೆ ಇದು ಹೊಸದಲ್ಲ. ಬಟ್ಟೆಯ ಬಿಗಿ ಮಜಲ್ ಬೇಡ, ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲಾಗದು. ಮೈ ತಂಪು ಮಾಡಿಕೊಳ್ಳಲು ನಾಯಿಗಿರುವ ಮುಖ್ಯ ದಾರಿ ಅದೇ. ಬುಟ್ಟಿ ಮಜಲ್‌ನಲ್ಲಿ ನೀರು ಕುಡಿಯಬಹುದು, ತಿಂಡಿ ತಿನ್ನಬಹುದು. ಒಳಗೆ ಸ್ವಲ್ಪ ಮೊಸರು ಸವರಿ, ನಾಯಿ ತಾನೇ ಮೂತಿ ಹಾಕುವಂತೆ ದಿನಕ್ಕೆ ಎರಡು ನಿಮಿಷ ಅಭ್ಯಾಸ ಮಾಡಿಸಿದರೆ ಎರಡು ಮೂರು ವಾರದಲ್ಲಿ ಮಜಲ್ ಕಂಡರೆ ಬಾಲ ಆಡಿಸುತ್ತದೆ.

ಆಮೇಲೆ ನಿಜವಾದ ಕಲಿಕೆ. ಪಾವ್ಲೋವ್‌ನ ನಾಯಿಗಳ ಪಾಠವನ್ನು ಶಾಲೆಯಲ್ಲಿ ಓದಿದ್ದೇವೆ: ಊಟಕ್ಕೆ ಮುಂಚೆ ಸದ್ದು ಕೇಳಿಸಿ ಕೇಳಿಸಿ, ಸದ್ದಿಗೇ ಜೊಲ್ಲು ಬರತೊಡಗಿತು. ಇಲ್ಲಿಯೂ ಅದೇ ತತ್ವ. ನಾಯಿ ಹೆದರುವ ಸಂಗತಿಯನ್ನು ಅದು ಹೆದರದಷ್ಟು ದೂರದಲ್ಲಿ, ಹೆದರದಷ್ಟು ಮೆಲ್ಲಗೆ ತೋರಿಸಬೇಕು. ತೋರಿಸಿದ ತಕ್ಷಣ ಅದಕ್ಕೆ ಪ್ರಾಣವಾದ ತಿಂಡಿ ಕೊಡಬೇಕು. ಶೇರುವಿಗೆ ಬೇಯಿಸಿದ ಕೋಳಿಯ ಚೂರು. ಸೊಂಟದಿಂದ ಎರಡಡಿ ದೂರಕ್ಕೆ ಕೈ ಬಂತು, ಒಂದು ಚೂರು. ಒಂದಡಿಗೆ ಬಂತು, ಇನ್ನೊಂದು ಚೂರು. ಬೆರಳು ತಾಗಿತು, ಮತ್ತೊಂದು. ನಡುವೆ ಎಲ್ಲಾದರೂ ಮೂಗು ನೆಕ್ಕಿಕೊಂಡರೆ ಹಿಂದಿನ ಹೆಜ್ಜೆಗೆ ವಾಪಸ್. ಅವಸರವಿಲ್ಲ. ಈ ಕೆಲಸವನ್ನು ನಾನು ಸೂಚಿಸಿದ ತರಬೇತುದಾರ್ತಿ ವಾರಕ್ಕೊಮ್ಮೆ ಬಂದು ಮನೆಯವರಿಗೆ ಕಲಿಸಿದರು. ನಾಯಿಗೆ ಕಲಿಸಿದ್ದು ಮನೆಯವರೇ. ಹೊರಗೆ ಬಿಟ್ಟು ಕಲಿಸಿದ್ದು ಮನೆಯಲ್ಲಿ ಉಳಿಯುವುದು ಕಷ್ಟ.

ಈ ನಡುವೆ ಒಂದು ತಮಾಷೆಯೂ ಬಯಲಾಯಿತು. ಶೇರುವಿಗೆ ಅಪ್ಪ ‘ಸಿಟ್’ ಎನ್ನುತ್ತಾರೆ, ಅಮ್ಮ ‘ಕೂತ್ಕೊ’, ಅಜ್ಜಿ ‘ಕುಂದ್ರು’, ಮನೆಗೆಲಸದ ತಾಯಿ ‘ಬಸ್’, ವಾಚ್‌ಮನ್ ‘ಬೈಠ್’. ಪರಊರಿನ ಕನ್ನಡ ಮನೆಗಳಲ್ಲಿ ಇದು ಸಾಮಾನ್ಯ. ನಾಯಿ ಮೊಂಡು ಎಂದು ಬೈಸಿಕೊಳ್ಳುವುದು ಮಾತು ಅರ್ಥವಾಗದೆಯೂ ಇರಬಹುದು. ಎಲ್ಲರೂ ಸೇರಿ ‘ಕೂತ್ಕೊ’ ಎಂದು ಗೊತ್ತು ಮಾಡಿದರು. ವಾಚ್‌ಮನ್‌ಗೂ ಕನ್ನಡದ ಒಂದು ಪದ ಬಂತು.

ಕೆಲವು ನಾಯಿಗಳಿಗೆ ಮನಸ್ಸಿನ ಔಷಧಿಯೂ ಬೇಕಾಗುತ್ತದೆ. ಹೆದರಿಕೆ ಅಷ್ಟು ಹೆಚ್ಚಿದ್ದರೆ ತಿಂಡಿ ಮುಂದಿಟ್ಟರೂ ಅದು ಕಲಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಮನುಷ್ಯರಿಗೆ ಕೊಡುವ ಫ್ಲೂಆಕ್ಸೆಟಿನ್ ಅನ್ನು ನಾಯಿಗಳಲ್ಲೂ ಬಳಸುತ್ತೇವೆ. ಒಂಟಿಯಾಗಿ ಬಿಟ್ಟಾಗ ಕಂಗೆಡುವ ನಾಯಿಗಳಿಗಾಗಿ ಅಮೆರಿಕದಲ್ಲಿ 2007ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ‘ನಾಯಿಗೆ ಹುಚ್ಚಿನ ಮಾತ್ರೆ ಕೊಡ್ತೀರಾ’ ಎಂದು ಕೇಳುವವರಿದ್ದಾರೆ. ಇದು ಮಂಕು ಮಾಡುವ ಮಾತ್ರೆಯಲ್ಲ, ಕಲಿಯಲು ದಾರಿ ಮಾಡಿಕೊಡುವ ಮಾತ್ರೆ. ತರಬೇತಿಯಿಲ್ಲದೆ ಮಾತ್ರೆಯೊಂದೇ ಸಾಲದು. ಪಶುವೈದ್ಯರು ಬರೆದುಕೊಡದೆ ಶುರು ಮಾಡುವುದೂ, ಕೇಳದೆ ನಿಲ್ಲಿಸುವುದೂ ಎರಡೂ ಬೇಡ.

ಅಜ್ಜಿಯ ಪ್ರಶ್ನೆ

ಎರಡನೇ ಭೇಟಿಗೆ ಅಜ್ಜಿಯೂ ಬಂದಿದ್ದರು. ನಾನು ಹಾವೇರಿ ಕಡೆಯವಳೆಂದು ಗೊತ್ತಾದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. ‘ನೋಡವಾ ಡಾಕ್ಟರ, ನಮ್ಮ ಹೊಲದಾಗ ಮೂರು ನಾಯಿ ಇದ್ವು. ಒಂದರ ಮನಿ ಮಂದಿಗೆ ಕಚ್ಚಿದ್ದ ನಾ ಕಾಣಲಿಲ್ಲ. ಯಾವ ಡಾಕ್ಟರ ಇರಲಿಲ್ಲ, ಯಾವ ಟ್ರೇನಿಂಗ್ ಇರಲಿಲ್ಲ. ಇವಕ್ಕ ಏನಾಗೇದ ಈಗ?’

‘ಅಜ್ಜಿ, ಆ ನಾಯಿಗೋಳಿಗೆ ಹುಡುಗರು ಕಾಡಿದ್ರ ಏನ ಮಾಡ್ತಿದ್ವು?’ ಎಂದು ಕೇಳಿದೆ.

‘ಎದ್ದ ಹೋಗಿ ಬ್ಯಾರೆ ಗಿಡದ ಕೆಳಗ ಮಲಗ್ತಿದ್ವು.’

‘ಶೇರು ಎಲ್ಲಿ ಹೋಗ್ಬೇಕ್ರಿ?’

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹೌದವಾ, ಎರಡ ಖೋಲಿ ಮನಿ’ ಎಂದರು.

ಅವರ ಮಾತು ಸುಳ್ಳಲ್ಲ. ಹೊಲದ ನಾಯಿಗೆ ಏಣಿಯ ಕೆಳಗಿನ ಮೆಟ್ಟಿಲಿನಲ್ಲೇ ಕೆಲಸ ಮುಗಿಯುತ್ತಿತ್ತು: ಬೇಡವಾದರೆ ಎದ್ದು ಹೋಗುವುದು. ನಗರದ ಫ್ಲ್ಯಾಟಿನಲ್ಲಿ ಆ ಮೆಟ್ಟಿಲನ್ನೇ ಕಿತ್ತಿದ್ದೇವೆ. ಲಿಫ್ಟಿನಲ್ಲಿ ಅಪರಿಚಿತರು ಮೈಮೇಲೆ ಬಂದಂತೆ ನಿಲ್ಲುತ್ತಾರೆ. ವಾಕಿಂಗ್‌ನಲ್ಲಿ ಎದುರು ನಾಯಿ ಬಂದರೆ ಹಗ್ಗ ಬಿಗಿಯಾಗುತ್ತದೆ. ಮನೆಯಲ್ಲಿ ಹತ್ತು ಗಂಟೆ ಒಂಟಿ, ಉಳಿದ ಹೊತ್ತು ಎಲ್ಲರೂ ಮುದ್ದು ಮಾಡುವವರೇ. ಹಾಗಾಗಿ ನಾನು ಕೊಡುವ ಸಲಹೆಗಳಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗದ್ದು ಒಂದೇ: ಮನೆಯಲ್ಲಿ ನಾಯಿಗೆ ಯಾರೂ ಬಾರದ ಒಂದು ಮೂಲೆ ಕೊಡಿ. ಶೇರುವಿಗೆ ಬಾಲ್ಕನಿ ಬಾಗಿಲ ಪಕ್ಕದ ಮೂಲೆ ಸಿಕ್ಕಿತು. ಅಲ್ಲಿ ಹೋಗಿ ಮಲಗಿದರೆ ಮೊಮ್ಮಗನನ್ನು ತಡೆಯುವ ಕಾವಲು ಅಜ್ಜಿಯದೇ ಆಯಿತು.

ಕಚ್ಚಿದ ದಿನ, ಕಾನೂನು, ನೆರೆಹೊರೆ

ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಏನೂ ಬೇಡ. ನಮ್ಮ ನಾಯಿಗೆ ಲಸಿಕೆ ಆಗಿದೆ ಎಂದು ಸುಮ್ಮನೆ ಕೂರದೆ ಅದೇ ದಿನ ಡಾಕ್ಟರ ಬಳಿ ಹೋಗಿ. ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸಲಿ. ನಾಯಿಯನ್ನು 10 ದಿನ ಮನೆಯಲ್ಲೇ ಇಟ್ಟು ಗಮನಿಸಿ, ಲಸಿಕೆಯ ಕಾರ್ಡು ಕೈಗೆ ಸಿಗುವ ಜಾಗದಲ್ಲಿಡಿ.

ನಾಯಿ ಸಾಕುವುದನ್ನೇ ಸೊಸೈಟಿಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಹಿಡಿದುಕೊಂಡು ಜಗಳಕ್ಕೆ ನಿಲ್ಲುವವರು ಇನ್ನೊಂದನ್ನೂ ಓದಬೇಕು. ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಕ್ಕು ಇದ್ದಷ್ಟೇ ಹೊಣೆಯೂ ಇದೆ. ಶೇರುವಿನ ಮನೆಯವರು ಸೊಸೈಟಿಯ ಸೆಕ್ರೆಟರಿಗೆ ತಾವೇ ಹೋಗಿ ವಿಷಯ ಹೇಳಿ, ಮಜಲ್ ಹಾಕಿ ಸರ್ವಿಸ್ ಲಿಫ್ಟಿನಲ್ಲಿ ಕರೆದೊಯ್ಯುತ್ತೇವೆ ಎಂದರು. ನೋಟಿಸು ಬರಲಿಲ್ಲ.

ತಳಿಯ ಮೇಲೆ ತಪ್ಪು ಹೊರಿಸುವುದು ಸುಲಭ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿರ್ಬಂಧಿಸಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ನಮ್ಮ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ದೊಡ್ಡ ತಳಿ ಕಚ್ಚಿದರೆ ಗಾಯ ದೊಡ್ಡದು, ನಿಜ. ಆದರೆ ಮಗುವಿನ ಕೈಗೆ ಬಾಯಿ ಹಾಕಿದ ಶೇರು ಆ ಪಟ್ಟಿಯಲ್ಲಿ ಇಲ್ಲದ, ‘ಮಕ್ಕಳಿರುವ ಮನೆಗೆ ಒಳ್ಳೆಯದು’ ಎಂದು ಎಲ್ಲರೂ ಹೇಳುವ ಲ್ಯಾಬ್ರಡಾರ್.

ಸರಿಹೋಗುತ್ತಾ?

ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ಕಡಿತಗಳನ್ನು ಆರು ಹಂತವಾಗಿ ವಿಂಗಡಿಸಿದ್ದಾರೆ. ಹಲ್ಲು ತಾಗದಿದ್ದರೆ ಒಂದು; ತಾಗಿಯೂ ತೂತಾಗದಿದ್ದರೆ ಎರಡು; ಒಂದೇ ಕಡಿತದಲ್ಲಿ ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆಯಿದ್ದರೆ ಮೂರು. ಅದಕ್ಕಿಂತ ಆಳವಾದರೆ ನಾಲ್ಕು, ಹಲವು ಆಳ ಕಡಿತಗಳಾದರೆ ಐದು, ಸಾವಾದರೆ ಆರು. ಒಂದು ಎರಡರಲ್ಲಿ ಬಂದವರಿಗೆ ನಾನು ಧೈರ್ಯವಾಗಿ ಭರವಸೆ ಕೊಡುತ್ತೇನೆ. ಮೂರರಲ್ಲಿ, ಮನೆಯವರು ನಿಯಮ ಪಾಲಿಸುತ್ತಾರೆ ಎಂದಾದರೆ ಮಾತ್ರ. ನಾಲ್ಕು ದಾಟಿದರೆ ಮಾತು ಬೇರೆ.

ಶೇರು ಮೂರರಲ್ಲಿತ್ತು. ಎಂಟು ತಿಂಗಳ ನಂತರ ಏಳು ಕೆಜಿ ಇಳಿದಿದೆ, ಮೆಟ್ಟಿಲು ಹತ್ತುತ್ತದೆ, ಹಿಂಗಾಲು ಒರೆಸಲು ಬಿಡುತ್ತದೆ. ‘ಗುಣವಾಯಿತು’ ಎಂದು ನಾನು ಬರೆದುಕೊಟ್ಟಿಲ್ಲ, ಕೊಡುವುದೂ ಇಲ್ಲ. ಗೇಟು ಈಗಲೂ ಇದೆ. ಚಳಿಗಾಲದಲ್ಲಿ ಕೀಲು ಹಿಡಿದಾಗ ಒಂದೆರಡು ಸಲ ಗುರ್ ಎಂದಿತಂತೆ. ಅದನ್ನು ತಾಯಿ ಫೋನಿನಲ್ಲಿ ಹೇಳಿದ್ದು ಒಳ್ಳೆಯ ಸುದ್ದಿಯಂತೆ: ‘ಡಾಕ್ಟರ್, ಮತ್ತೆ ಹೇಳೋಕೆ ಶುರುಮಾಡಿದೆ.’

ಎಲ್ಲ ಮನೆಯ ಕಥೆಯೂ ಹೀಗಿರುವುದಿಲ್ಲ. ಹೋದ ವರ್ಷ ಒಂದು ದೊಡ್ಡ ನಾಯಿ, ಮೂರು ಜನರಿಗೆ ಆಳವಾಗಿ ಕಚ್ಚಿದ್ದು. ಎಲ್ಲ ಪರೀಕ್ಷೆ ಮಾಡಿ, ಔಷಧಿ ಕೊಟ್ಟು, ವರ್ತನಾ ತಜ್ಞರ ಜೊತೆ ಏಳು ತಿಂಗಳು ಕೆಲಸ ಮಾಡಿದರೂ ನಾಲ್ಕನೆಯ ಕಡಿತವಾಯಿತು. ಮನೆಯಲ್ಲಿ ಆಗಷ್ಟೇ ಅಂಬೆಗಾಲಿಡುವ ಮಗು. ತಜ್ಞರು, ಮನೆಯವರು, ನಾನು ಕೂತು ಮಾತಾಡಿ ದಯಾಮರಣದ ನಿರ್ಧಾರಕ್ಕೆ ಬಂದೆವು. ಕೊನೆಯ ಹೊತ್ತಿನಲ್ಲಿ ಅದರ ತಲೆ ಮಾಲೀಕನ ತೊಡೆಯ ಮೇಲಿತ್ತು. ಆ ಮನೆಯವರು ಪ್ರಯತ್ನ ಬಿಟ್ಟವರಲ್ಲ. ಅವರನ್ನು ಕಟುಕರೆಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬದಲಾಗುವುದಿಲ್ಲ. ಕಚ್ಚಿದ ವಿಷಯ ಮುಚ್ಚಿಟ್ಟು ಇನ್ನೊಬ್ಬರಿಗೆ ಕೊಡುವುದು ಅವರ ಮಕ್ಕಳನ್ನು ಅಪಾಯಕ್ಕೆ ದೂಡಿದಂತೆ. ಹೆದ್ದಾರಿ ಪಕ್ಕ ಬಿಟ್ಟುಬರುವುದು ಕ್ರೌರ್ಯ. ಉಪವಾಸ ಬೀಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಎಲ್ಲವನ್ನೂ ತಿಳಿದು, ಒಪ್ಪಿ, ಸೌಕರ್ಯ ಇರುವವರು ಸಿಕ್ಕರೆ ಮಾತ್ರ ಬೇರೆ ಮನೆ ಎಂಬುದು ಒಂದು ದಾರಿ.

ಡಾಕ್ಟರ ಬಳಿ ಬರುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದುಕೊಳ್ಳಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಹತ್ತಿರವಿದ್ದರು, ಅದಕ್ಕೆ ಒಂದು ನಿಮಿಷ ಮೊದಲು ಏನಾಯಿತು, ನಾಯಿಯ ಮೈ ಹೇಗಿತ್ತು, ಆಮೇಲೆ ನೀವು ಏನು ಮಾಡಿದಿರಿ. ಸಾಧ್ಯವಾದರೆ ಅದು ನಡೆಯುವ, ಎದ್ದು ಕೂರುವ ವಿಡಿಯೊ ಇರಲಿ. ಕಚ್ಚಿಸಿ ವಿಡಿಯೊ ಮಾಡಬೇಡಿ. ಎರಡು ವಾರದ ಇಂಥ ಟಿಪ್ಪಣಿ ನನಗೆ ಅರ್ಧ ರೋಗ ಹೇಳುತ್ತದೆ.

ನಿಮ್ಮ ನಾಯಿ ಇಂದು ಸಂಜೆ ಮೊದಲ ಬಾರಿಗೆ ಗುರ್ ಎಂದಿದ್ದರೆ ಬೈಯಬೇಡಿ, ಹೊಡೆಯಬೇಡಿ. ಕೈ ಹಿಂದಕ್ಕೆ ತೆಗೆದುಕೊಂಡು ಮಕ್ಕಳನ್ನು ಆಚೆ ಕರೆಯಿರಿ. ನಾಳೆ ಬೆಳಗ್ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮೊದಲ ಗುರ್ ಕೇಳಿಸಿದ ವಾರವೇ ಬಂದ ನಾಯಿಗಳಲ್ಲಿ ಹೆಚ್ಚಿನವು ಕಚ್ಚುವ ಹಂತದವರೆಗೆ ಹೋಗದಿರುವುದನ್ನು ನನ್ನ ಕ್ಲಿನಿಕ್‌ನಲ್ಲಿ ಕಂಡಿದ್ದೇನೆ.